ಪಿಕೆಜಿಸೋರ್ಸ್‌ನಲ್ಲಿ ಜಿಟಿಕೆ3 ಪ್ಯಾಕೇಜನ್ನು ನೋಡಿಕೊಳ್ಳುವ ಬಗೆ: ಹಂತ ಹಂತದ ಮಾರ್ಗದರ್ಶಿ

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ತಂತ್ರಾಂಶಗಳನ್ನು ಪ್ಯಾಕೇಜ್ ಮಾಡಲು ಕೈಹಾಕಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಆವೃತ್ತಿ ಸಂಖ್ಯೆ ಬದಲಿಸಿದೆ, ಬಿಲ್ಡ್ ಆಯಿತು, ನನ್ನ ಯಂತ್ರದಲ್ಲಿ ಚೆನ್ನಾಗಿಯೇ ಓಡುತ್ತಿದೆ. ಆದರೂ ಜಿಟಿಕೆಗೆ ನಾನು ಮಾಡಿದ ಬದಲಾವಣೆಯನ್ನು ಏಕೆ ಹಿಂದಕ್ಕೆ ಕಳಿಸಿದರು?" ಚಿಕ್ಕ ತಂತ್ರಾಂಶವೊಂದನ್ನು ಪ್ಯಾಕೇಜ್ ಮಾಡುವಾಗ ನಿಮ್ಮ ಕೆಲಸ ಆ ತಂತ್ರಾಂಶದೊಂದಿಗೇ ಮುಗಿಯುತ್ತದೆ. ಜಿಟಿಕೆಯಂಥ ಟೂಲ್‌ಕಿಟ್‌ನ ವಿಷಯ ಹಾಗಲ್ಲ. ಅದನ್ನು ಅದಕ್ಕಾಗಿಯೇ ಇನ್‌ಸ್ಟಾಲ್ ಮಾಡಿಕೊಳ್ಳುವವರು ಬಹಳ ಕಡಿಮೆ. ಫೈರ್‌ಫಾಕ್ಸ್, ಇಂಕ್‌ಸ್ಕೇಪ್, ಎವಿನ್ಸ್ ಮುಂತಾದ ನೂರಾರು ತಂತ್ರಾಂಶಗಳ ಬೆನ್ನಿಗೆ ಅದು ಬರುತ್ತದೆ. ಹೀಗಾಗಿ ನಿಮ್ಮ ಪ್ಯಾಕೇಜ್ ಸರಿಯಾಗಿದೆಯೇ ಎಂಬುದು ನಿಮ್ಮ ಪ್ಯಾಕೇಜಿನೊಳಗೆ ಗೊತ್ತಾಗುವುದಿಲ್ಲ, ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳಲ್ಲಿ ಗೊತ್ತಾಗುತ್ತದೆ. ಮುಂದಿನ ಎಲ್ಲ ಹಂತಗಳನ್ನೂ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.

ಮೊದಲು ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಮೂಲ ಕಡತಗಳಿಂದ ಓಡುವ ತಂತ್ರಾಂಶವನ್ನು ತಯಾರಿಸುವುದು ಬಿಲ್ಡ್, ಅದನ್ನು ಇತರರು ಸುಲಭವಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವಂತೆ ಕಟ್ಟಿಕೊಟ್ಟದ್ದು ಪ್ಯಾಕೇಜ್. ಕಿಟಕಿ, ಗುಂಡಿ, ಮೆನು, ಪಠ್ಯ ತುಂಬುವ ಚೌಕ ಇತ್ಯಾದಿಗಳನ್ನು ಪ್ರತಿಯೊಬ್ಬ ಪ್ರೋಗ್ರಾಮರ್ ಹೊಸದಾಗಿ ಬರೆಯಬೇಕಾಗದಂತೆ ಸಿದ್ಧಪಡಿಸಿ ಕೊಡುವ ಲೈಬ್ರರಿಯೇ ಟೂಲ್‌ಕಿಟ್. ಜಿಟಿಕೆ ಹುಟ್ಟಿದ್ದು ಗಿಂಪ್ ಎಂಬ ಚಿತ್ರ ಸಂಪಾದಕಕ್ಕಾಗಿ, ಆಗ ಬಳಕೆಯಲ್ಲಿದ್ದ ಮೋಟಿಫ್ ಟೂಲ್‌ಕಿಟ್‌ಗೆ ಬದಲಿಯಾಗಿ. ಅದರ 3.0 ಆವೃತ್ತಿ 2011ರಲ್ಲಿ ಬಂತು. 2018ರಲ್ಲಿ ಆರಂಭವಾದ 3.24 ಸರಣಿಯೇ ಜಿಟಿಕೆ3ರ ಕೊನೆಯ ಸರಣಿ. 2020ರ ಡಿಸೆಂಬರ್‌ನಲ್ಲಿ 4.0 ಬಿಡುಗಡೆಯಾಯಿತು. ಪಿಕೆಜಿಸೋರ್ಸ್ ಎಂಬುದು ನೆಟ್‌ಬಿಎಸ್‌ಡಿ ಯೋಜನೆಯ ಪ್ಯಾಕೇಜ್ ವ್ಯವಸ್ಥೆ. 1997ರಲ್ಲಿ ಫ್ರೀಬಿಎಸ್‌ಡಿಯ ಪೋರ್ಟ್ಸ್‌ನಿಂದ ಕವಲೊಡೆದ ಇದು ಇಂದು ನೆಟ್‌ಬಿಎಸ್‌ಡಿಯಲ್ಲಷ್ಟೇ ಅಲ್ಲದೆ ಲಿನಕ್ಸ್, ಮ್ಯಾಕ್‌ಓಎಸ್, ಇಲ್ಯೂಮೋಸ್ ಮೊದಲಾದವುಗಳ ಮೇಲೂ ನಡೆಯುತ್ತದೆ. ಮೂಲ ತಂತ್ರಾಂಶವನ್ನು ಬರೆಯುವ ತಂಡವನ್ನು ಈ ಲೇಖನದುದ್ದಕ್ಕೂ ಅಪ್‌ಸ್ಟ್ರೀಮ್ ಎಂದು ಕರೆಯುತ್ತೇನೆ. ಜಿಟಿಕೆಯ ಮಟ್ಟಿಗೆ ಅದು ಗ್ನೋಮ್ ಯೋಜನೆ.

ಇನ್ನೊಂದು ಸೂಚನೆ. ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವುಗಳ ಮೂಲ ಇಂಗ್ಲಿಷ್ ರೂಪವನ್ನೇ ಬಳಸಬೇಕು: ಆದೇಶಗಳಿಗೆ ಸಣ್ಣಕ್ಷರ, ಮೇಕ್‌ಫೈಲ್‌ನ (ಪ್ಯಾಕೇಜನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಬರೆದಿಡುವ ಕಡತದ) ಚರಗಳಿಗೆ ದೊಡ್ಡಕ್ಷರ.

ಹಂತ 1: ಸ್ವಚ್ಛವಾದ ಕೆಲಸದ ಜಾಗ

ನೀವು ದಿನನಿತ್ಯ ಬಳಸುವ ಯಂತ್ರದಲ್ಲಿ ನೇರವಾಗಿ ಜಿಟಿಕೆ ಬಿಲ್ಡ್ ಮಾಡಬೇಡಿ. ಅಲ್ಲಿ ಈಗಾಗಲೇ ಹಳೆಯ ಜಿಟಿಕೆ ಇರುತ್ತದೆ, ನೀವು ಎಂದೋ ಹಾಕಿಕೊಂಡ ಹತ್ತಾರು ಲೈಬ್ರರಿಗಳಿರುತ್ತವೆ. ಇದರಿಂದ ಆಗುವ ತೊಂದರೆ ಕೇವಲ ಊಹೆಯದಲ್ಲ. ಜಿಟಿಕೆ ಬಿಲ್ಡ್ ಆಗುವಾಗ ಜಿಆಬ್ಜೆಕ್ಟ್ ಇಂಟ್ರೊಸ್ಪೆಕ್ಷನ್ ಎಂಬ ಹಂತವೊಂದು ಬರುತ್ತದೆ. ಪೈಥಾನ್‌ನಂಥ ಇತರ ಭಾಷೆಗಳಿಂದಲೂ ಜಿಟಿಕೆಯನ್ನು ಬಳಸಲು ಬೇಕಾದ ವಿವರಗಳನ್ನು ಇದು ಸಿದ್ಧಪಡಿಸುತ್ತದೆ, ಮತ್ತು ಅದಕ್ಕಾಗಿ ಆಗಷ್ಟೇ ಬಿಲ್ಡ್ ಆದ ಹೊಸ ಲೈಬ್ರರಿಯನ್ನು ಅಲ್ಲೇ ಓಡಿಸಿ ನೋಡುತ್ತದೆ. ಆ ಹೊತ್ತಿನಲ್ಲಿ ಹೊಸದರ ಬದಲು ಈಗಾಗಲೇ ಇನ್‌ಸ್ಟಾಲ್ ಆಗಿರುವ ಹಳೆಯ ಲೈಬ್ರರಿ ಕೈಗೆ ಸಿಕ್ಕರೆ, ಯಾವುದೋ ಫಂಕ್ಷನ್ ಇಲ್ಲವೆಂಬ ದೋಷದೊಂದಿಗೆ ಬಿಲ್ಡ್ ನಿಲ್ಲುತ್ತದೆ. ನೀವು ತಪ್ಪು ಎಲ್ಲೋ ಇದೆಯೆಂದು ಇಡೀ ದಿನ ಹುಡುಕುತ್ತೀರಿ.

ಆದ್ದರಿಂದ ಒಂದು ಸ್ಯಾಂಡ್‌ಬಾಕ್ಸ್ ಮಾಡಿಕೊಳ್ಳಿ. ಸ್ಯಾಂಡ್‌ಬಾಕ್ಸ್ ಎಂದರೆ ಮುಖ್ಯ ವ್ಯವಸ್ಥೆಯಿಂದ ಬೇರ್ಪಡಿಸಿದ, ಬರೀ ಮೂಲ ಸಾಮಗ್ರಿಯಷ್ಟೇ ಇರುವ ಡೈರೆಕ್ಟರಿ. ಚ್‌ರೂಟ್ ಆದೇಶದಿಂದ ಅದರೊಳಗೆ ಹೋಗಿ ಕೆಲಸ ಮಾಡಬಹುದು. ಪಿಕೆಜಿಸೋರ್ಸ್‌ನ ಪಿಕೆಜಿಟೂಲ್ಸ್ ವಿಭಾಗದಲ್ಲಿರುವ ಎಂಕೆಸ್ಯಾಂಡ್‌ಬಾಕ್ಸ್ ಇದನ್ನು ಸುಲಭ ಮಾಡಿಕೊಡುತ್ತದೆ. ಅದೇ ವಿಭಾಗದಿಂದ, ಪ್ಯಾಕೇಜಿನ ತಪ್ಪುಗಳನ್ನು ಹುಡುಕುವ ಪಿಕೆಜಿಲಿಂಟ್ ಮತ್ತು ಮೂಲಕ್ಕೆ ಮಾಡುವ ತಿದ್ದುಪಡಿಗಳನ್ನು ಸಿದ್ಧಪಡಿಸುವ ಪಿಕೆಜಿಡಿಫ್ ಪ್ಯಾಕೇಜುಗಳನ್ನೂ ಹಾಕಿಕೊಳ್ಳಿ. ಪಿಕೆಜಿಸೋರ್ಸ್‌ನ ಸೆಟ್ಟಿಂಗ್‌ಗಳಿರುವ ಎಂಕೆ.ಕಾನ್ಫ್ ಕಡತದಲ್ಲಿ ಪಿಕೆಜಿ_ಡೆವಲಪರ್ ಚರಕ್ಕೆ ಯೆಸ್ ಎಂಬ ಬೆಲೆ ಕೊಡಿ. ಈ ಒಂದು ಸಾಲನ್ನು ಬಿಟ್ಟವರೇ ಹೆಚ್ಚು. ಅದಿಲ್ಲದಿದ್ದರೆ ಪಿಕೆಜಿಸೋರ್ಸ್ ಮಾಡಬಲ್ಲ ಹಲವು ಪರೀಕ್ಷೆಗಳು ಮೌನವಾಗಿ ಉಳಿಯುತ್ತವೆ.

ನೆಟ್‌ಬಿಎಸ್‌ಡಿಯಲ್ಲಿ ಆದೇಶದ ಹೆಸರು ಮೇಕ್. ಬೇರೆ ವ್ಯವಸ್ಥೆಗಳಲ್ಲಿ ಅದು ಬಿಮೇಕ್. ಲಿನಕ್ಸ್‌ನ ಗ್ನೂ ಮೇಕ್‌ಗೆ ಈ ಮೇಕ್‌ಫೈಲ್‌ಗಳು ಅರ್ಥವಾಗುವುದಿಲ್ಲ. ಮುಂದೆ ನಾನು ಬಿಮೇಕ್ ಎಂದೇ ಬರೆಯುತ್ತೇನೆ.

ಹಂತ 2: ಬದಲಿಸುವ ಮೊದಲು ಓದುವುದು

ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂದು ಹೇಳುವ ನ್ಯೂಸ್ ಕಡತವನ್ನು ಪೂರ್ತಿ ಓದಿ. ನಂತರ ಮೂಲದಲ್ಲಿರುವ ಮೆಸಾನ್.ಬಿಲ್ಡ್ ಕಡತವನ್ನು ತೆರೆಯಿರಿ. ಮೆಸಾನ್ ಎಂಬುದು ಜಿಟಿಕೆ ಬಳಸುವ ಬಿಲ್ಡ್ ವ್ಯವಸ್ಥೆ. ಆ ಕಡತದ ಆರಂಭದ ಭಾಗದಲ್ಲಿ, ಜಿಟಿಕೆ ಅವಲಂಬಿಸಿದ ಲೈಬ್ರರಿಗಳಾದ ಜಿಲಿಬ್, ಪ್ಯಾಂಗೊ, ಕೈರೊ, ಜಿಡಿಕೆ-ಪಿಕ್ಸ್‌ಬಫ್, ಎಪಾಕ್ಸಿ ಇವುಗಳಲ್ಲಿ ಪ್ರತಿಯೊಂದಕ್ಕೂ ಕನಿಷ್ಠ ಎಷ್ಟನೆಯ ಆವೃತ್ತಿ ಬೇಕು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದಿರುತ್ತಾರೆ. ಹೆಸರಿನ ಕೊನೆಗೆ "ರೆಕ್" ಎಂದಿರುತ್ತದೆ. ಹಳೆಯ ಆವೃತ್ತಿಯ ಅದೇ ಕಡತವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಜಿಲಿಬ್‌ನ ಬೇಡಿಕೆ ಏರಿದ್ದು, ಪಿಕೆಜಿಸೋರ್ಸ್‌ನಲ್ಲಿ ಇನ್ನೂ ಹಳೆಯದೇ ಇದ್ದರೆ, ನಿಮ್ಮ ಕೆಲಸ ಜಿಟಿಕೆಯಿಂದಲ್ಲ, ಜಿಲಿಬ್‌ನಿಂದ ಆರಂಭವಾಗುತ್ತದೆ.

ಜಿಟಿಕೆ, ಜಿಲಿಬ್‌ನಂಥ ಗ್ನೋಮ್ ಬಳಗದ ಲೈಬ್ರರಿಗಳಲ್ಲಿ ಆವೃತ್ತಿ ಸಂಖ್ಯೆಯ ಎರಡನೆಯ ಭಾಗಕ್ಕೆ ಅರ್ಥವಿದೆ. ಅದು ಸಮಸಂಖ್ಯೆಯಾದರೆ ಸ್ಥಿರ ಸರಣಿ, ಬೆಸಸಂಖ್ಯೆಯಾದರೆ ಇನ್ನೂ ಅಭಿವೃದ್ಧಿಯಲ್ಲಿರುವ ಸರಣಿ. ಜಿಟಿಕೆ 4.14 ಸ್ಥಿರ, 4.13 ಪ್ರಯೋಗದ್ದು. ದೊಡ್ಡ ಸಂಖ್ಯೆ ಕಂಡ ಕೂಡಲೇ ಇಳಿಸಿಕೊಳ್ಳಬೇಡಿ.

ಮೇಕ್‌ಫೈಲ್‌ನಲ್ಲಿ ಯಾರ ಹೆಸರು ಇದೆ ಎಂಬುದನ್ನೂ ಗಮನಿಸಿ. ಮೇಂಟೇನರ್ ಎಂದಿದ್ದರೆ ಅವರು ಆ ಪ್ಯಾಕೇಜಿನ ನಿರ್ವಾಹಕರು, ದೊಡ್ಡ ಬದಲಾವಣೆಗೆ ಮುಂಚೆ ಅವರಿಗೆ ತಿಳಿಸುವುದು ಸೌಜನ್ಯ. ಓನರ್ ಎಂದಿದ್ದರೆ ಅವರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ.

ಹಂತ 3: ಆವೃತ್ತಿ ಮತ್ತು ತಾಳೆಮೊತ್ತ

ಪ್ಯಾಕೇಜಿನ ಡೈರೆಕ್ಟರಿ ಎಕ್ಸ್11 ವಿಭಾಗದಡಿ ಜಿಟಿಕೆ3 ಎಂಬ ಹೆಸರಿನಲ್ಲಿದೆ. ಮೇಕ್‌ಫೈಲ್‌ನ ಡಿಸ್ಟ್‌ನೇಮ್ ಚರದಲ್ಲಿ ಆವೃತ್ತಿ ಸಂಖ್ಯೆ ಬದಲಿಸಿ. ಅಪ್‌ಸ್ಟ್ರೀಮ್ 2019ರಲ್ಲೇ ಜಿಟಿಕೆಯ ಹೆಸರಿನಿಂದ ಪ್ಲಸ್ ಚಿಹ್ನೆಯನ್ನು ಕೈಬಿಟ್ಟರೂ ಪಿಕೆಜಿಸೋರ್ಸ್‌ನಲ್ಲಿ ಪ್ಯಾಕೇಜಿನ ಹೆಸರಿಗೆ ಪ್ಲಸ್ ಅಂಟಿಕೊಂಡೇ ಇದೆ. ಅದನ್ನು ಅಂದಗೊಳಿಸಲು ಹೋಗಬೇಡಿ, ಏಕೆಂದರೆ ಅವಲಂಬಿಸಿದ ನೂರಾರು ಪ್ಯಾಕೇಜುಗಳು ಆ ಹೆಸರಿನಿಂದಲೇ ಇದನ್ನು ಗುರುತಿಸುತ್ತವೆ.

ಪಿಕೆಜಿರಿವಿಷನ್ ಎಂಬ ಸಾಲಿದ್ದರೆ ಅಳಿಸಿ. ಅಪ್‌ಸ್ಟ್ರೀಮ್ ಆವೃತ್ತಿ ಅದೇ ಇದ್ದು ಪ್ಯಾಕೇಜ್ ಮಾತ್ರ ಬದಲಾದಾಗ ಏರಿಸುವ ಸಂಖ್ಯೆ ಅದು. ಪ್ಯಾಕೇಜಿನ ಹೆಸರಿನ ಕೊನೆಯಲ್ಲಿ ಎನ್‌ಬಿ1, ಎನ್‌ಬಿ2 ಎಂದು ಕಾಣಿಸುವುದು ಇದರಿಂದಲೇ. ಅಪ್‌ಸ್ಟ್ರೀಮ್ ಆವೃತ್ತಿ ಬದಲಾದ ಮೇಲೆ ಎಣಿಕೆ ಹೊಸದಾಗಿ ಶುರುವಾಗಬೇಕು.

ಈಗ ಬಿಮೇಕ್ ಮೇಕ್‌ಸಮ್ ಕೊಟ್ಟರೆ ಹೊಸ ಮೂಲ ಕಡತ ಇಳಿದು, ಅದರ ತಾಳೆಮೊತ್ತಗಳು ಡಿಸ್ಟ್‌ಇನ್ಫೊ ಕಡತಕ್ಕೆ ಸೇರುತ್ತವೆ. ತಾಳೆಮೊತ್ತ ಎಂದರೆ ಕಡತದ ಇಡೀ ಒಳಹೂರಣದಿಂದ ಲೆಕ್ಕಹಾಕಿದ, ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುವ ಸಂಖ್ಯೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಆದೇಶ ಕಡತ ಅಸಲಿಯೇ ಎಂದು ಪರೀಕ್ಷಿಸುವುದಿಲ್ಲ, ಇಳಿದದ್ದನ್ನೇ ನಂಬಿ ಬರೆದುಕೊಳ್ಳುತ್ತದೆ. ಗ್ನೋಮ್‌ನ ಡೌನ್‌ಲೋಡ್ ತಾಣದಲ್ಲಿ ಪ್ರತಿ ಬಿಡುಗಡೆಯ ಪಕ್ಕದಲ್ಲೇ ಶಾ256 ಮೊತ್ತದ ಕಡತ ಇರುತ್ತದೆ. ನೀವು ಇಳಿಸಿಕೊಂಡ ಕಡತದ ಮೊತ್ತವನ್ನು ಲೆಕ್ಕಹಾಕಿ ಅದರೊಂದಿಗೆ ಕೈಯಾರೆ ಹೋಲಿಸಿ. ಎರಡು ನಿಮಿಷದ ಕೆಲಸ. ನಿಮ್ಮ ನಂತರ ಇದನ್ನು ಬಿಲ್ಡ್ ಮಾಡುವ ಎಲ್ಲರೂ ನೀವು ಬರೆದ ಮೊತ್ತವನ್ನೇ ನಂಬುತ್ತಾರೆ.

ಹಂತ 4: ತೇಪೆಗಳು

ಪ್ಯಾಚಸ್ ಡೈರೆಕ್ಟರಿಯಲ್ಲಿರುವ ಪ್ರತಿ ಪ್ಯಾಚ್, ಅಂದರೆ ತೇಪೆ, ಮೂಲದಲ್ಲಿ ಪಿಕೆಜಿಸೋರ್ಸ್ ಮಾಡುವ ಒಂದು ತಿದ್ದುಪಡಿ. ಬಿಮೇಕ್ ಪ್ಯಾಚ್ ಕೊಟ್ಟು ಎಲ್ಲವೂ ಕೂಡುತ್ತವೆಯೇ ನೋಡಿ. ಕೂಡದ ತೇಪೆಯನ್ನು ಅಳಿಸಿಬಿಡುವುದು ಸುಲಭ, ಆದರೆ ಅದು ಯಾವ ವ್ಯವಸ್ಥೆಗಾಗಿ ಇತ್ತೆಂದು ತಿಳಿಯದೆ ಅಳಿಸಿದರೆ ನಿಮ್ಮ ಯಂತ್ರದಲ್ಲಿ ಏನೂ ಆಗದು, ಇಲ್ಯೂಮೋಸ್‌ನಲ್ಲಿ ಬಿಲ್ಡ್ ಒಡೆಯುತ್ತದೆ. ಪ್ರತಿ ತೇಪೆಯ ತಲೆಯಲ್ಲಿ ಅದೇಕೆ ಇದೆ ಎಂಬ ವಿವರಣೆ ಇರಲೇಬೇಕು ಎಂದು ಪಿಕೆಜಿಸೋರ್ಸ್ ನಿಯಮ ಮಾಡಿರುವುದು ಇದಕ್ಕೇ. ಅಪ್‌ಸ್ಟ್ರೀಮ್ ಅದೇ ತಿದ್ದುಪಡಿಯನ್ನು ಒಪ್ಪಿಕೊಂಡಿದೆ ಎಂದು ಖಚಿತವಾದರೆ ಮಾತ್ರ ತೆಗೆಯಿರಿ.

ಹೊಸ ತೇಪೆ ಬೇಕಾದರೆ ಪಿಕೆಜಿವಿಐ ಆದೇಶದಿಂದ ಕಡತ ತೆರೆದು ತಿದ್ದಿ, ಎಂಕೆಪ್ಯಾಚಸ್ ಕೊಡಿ, ಆಮೇಲೆ ಬಿಮೇಕ್ ಮೇಕ್‌ಪ್ಯಾಚ್‌ಸಮ್ ಕೊಡಿ. ಕೊನೆಯದನ್ನು ಮರೆತರೆ ತೇಪೆಯ ಮೊತ್ತ ಹೊಂದದೆ ಉಳಿದವರಿಗೆಲ್ಲ ಬಿಲ್ಡ್ ಆರಂಭದಲ್ಲೇ ನಿಲ್ಲುತ್ತದೆ.

ಜಿಟಿಕೆಯಲ್ಲಿ ತೇಪೆ ಬೇಕಾಗುವ ಸಂದರ್ಭಗಳು ಬಹುತೇಕ ಒಂದೇ ಜಾತಿಯವು: ಜಗತ್ತೆಲ್ಲ ಲಿನಕ್ಸ್ ಎಂದುಕೊಂಡು ಬರೆದ ಸಾಲುಗಳು. ಎಕ್ಸ್11ರಂತೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಯಾದ ವೇಲ್ಯಾಂಡ್‌ನ ಭಾಗಕ್ಕೆ ಮೌಸ್ ಗುಂಡಿಗಳ ಸಂಖ್ಯೆಗಳನ್ನು ಕೊಡುವ ಹೆಡರ್ (ಅಂದರೆ ಘೋಷಣೆಗಳಿರುವ) ಕಡತ ಲಿನಕ್ಸ್‌ನಲ್ಲಿ ಇರುವ ಜಾಗದಲ್ಲಿ ಫ್ರೀಬಿಎಸ್‌ಡಿಯಲ್ಲಿ ಇರುವುದಿಲ್ಲ. ಶೆಲ್ ಲಿಪಿಗಳಲ್ಲಿ ಹೋಲಿಕೆಗೆ ಎರಡು ಸಮಚಿಹ್ನೆ ಬಳಸುವುದು ಇನ್ನೊಂದು ತಪ್ಪು. ಬ್ಯಾಶ್ ಅದನ್ನು ಒಪ್ಪುತ್ತದೆ, ಎಲ್ಲ ಶೆಲ್‌ಗಳೂ ಒಪ್ಪುವುದಿಲ್ಲ, ಒಂದೇ ಸಮಚಿಹ್ನೆ ಎಲ್ಲೆಡೆ ನಡೆಯುತ್ತದೆ. ಪಿಕೆಜಿಸೋರ್ಸ್‌ನ ಪೋರ್ಟಬಿಲಿಟಿ ಪರೀಕ್ಷೆ ಇದನ್ನು ತಾನಾಗಿಯೇ ಹಿಡಿದು ಹೇಳುತ್ತದೆ. ತಿದ್ದಿದ ಮೇಲೆ ಅದನ್ನು ಅಪ್‌ಸ್ಟ್ರೀಮ್‌ಗೂ ಕಳಿಸಿ. ಕಳಿಸದೆ ಉಳಿಸಿಕೊಂಡ ಪ್ರತಿ ತೇಪೆಯನ್ನೂ ಮುಂದಿನ ಪ್ರತಿ ಬಿಡುಗಡೆಯಲ್ಲಿ ನೀವೇ ಹೊಲಿಯಬೇಕಾಗುತ್ತದೆ.

ಹಂತ 5: ಆಯ್ಕೆಗಳನ್ನು ಬಾಯಿಬಿಟ್ಟು ಹೇಳುವುದು

ಮೆಸಾನ್‌ನಲ್ಲಿ ಹಲವು ಆಯ್ಕೆಗಳಿಗೆ ಆಟೊ ಎಂಬ ಬೆಲೆ ಇರುತ್ತದೆ. ಬೇಕಾದ ಲೈಬ್ರರಿ ಕಂಡರೆ ಸೇರಿಸಿಕೊ, ಕಾಣದಿದ್ದರೆ ಬಿಡು ಎಂದು ಇದರ ಅರ್ಥ. ಸ್ವಂತಕ್ಕೆ ಬಿಲ್ಡ್ ಮಾಡುವವರಿಗೆ ಇದು ಅನುಕೂಲ, ಪ್ಯಾಕೇಜ್ ಮಾಡುವವರಿಗೆ ಅಪಾಯ. ಜಿಟಿಕೆಯಲ್ಲಿ ಮುದ್ರಣಕ್ಕೆ ಸಂಬಂಧಿಸಿದ ಆಯ್ಕೆ ಹೀಗೆ ಆಟೊ ಆಗಿದೆ. ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯ ಲೈಬ್ರರಿ ಇರುವ ಯಂತ್ರದಲ್ಲಿ ಬಿಲ್ಡ್ ಆದ ಪ್ಯಾಕೇಜಿನಲ್ಲಿ ಮುದ್ರಣದ ಒಂದು ಮಾಡ್ಯೂಲ್ ಹೆಚ್ಚಾಗಿರುತ್ತದೆ, ಇಲ್ಲದ ಯಂತ್ರದಲ್ಲಿ ಇರುವುದಿಲ್ಲ, ಎರಡರ ಹೆಸರು ಮತ್ತು ಆವೃತ್ತಿ ಮಾತ್ರ ಒಂದೇ.

ಪಿಕೆಜಿಸೋರ್ಸ್ ಇದಕ್ಕೊಂದು ರಕ್ಷಣೆ ಕೊಡುತ್ತದೆ. ಬಿಲ್ಡ್‌ಲಿಂಕ್ ಎಂಬ ಏರ್ಪಾಡಿನಿಂದ, ನೀವು ಅವಲಂಬನೆ ಎಂದು ಘೋಷಿಸಿದ ಪ್ಯಾಕೇಜುಗಳ ಹೆಡರ್‌ಗಳು ಮತ್ತು ಲೈಬ್ರರಿಗಳು ಮಾತ್ರ ಬಿಲ್ಡ್ ಆಗುವ ತಂತ್ರಾಂಶದ ಕಣ್ಣಿಗೆ ಬೀಳುತ್ತವೆ. ಯುಎಸ್‌ಆರ್ ಅಡಿಯ ಪಿಕೆಜಿ ಡೈರೆಕ್ಟರಿಯಲ್ಲಿ ಬೇರೆ ಏನೇ ಇದ್ದರೂ ಮರೆಯಾಗಿರುತ್ತದೆ. ಆದರೆ ಈ ಪರದೆ ಮೂಲ ವ್ಯವಸ್ಥೆಯ ಡೈರೆಕ್ಟರಿಗಳನ್ನು ಮುಚ್ಚುವುದಿಲ್ಲ. ಲಿನಕ್ಸ್‌ನಲ್ಲಿ ವಿತರಣೆಯವರೇ ಹಾಕಿದ ಕಪ್ಸ್ ಹೆಡರ್‌ಗಳು ಯುಎಸ್‌ಆರ್ ಅಡಿಯ ಇನ್‌ಕ್ಲೂಡ್‌ನಲ್ಲಿದ್ದರೆ ಅವು ಒಳಗೆ ನುಸುಳಬಲ್ಲವು. ಆದ್ದರಿಂದ ಮೆಸಾನ್‌ಗೆ ಕೊಡುವ ವಾದಗಳಲ್ಲಿ ಎಕ್ಸ್11, ವೇಲ್ಯಾಂಡ್, ಮುದ್ರಣ, ಬಣ್ಣ ನಿರ್ವಹಣೆ ಪ್ರತಿಯೊಂದಕ್ಕೂ ಬೇಕು ಅಥವಾ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಬಳಕೆದಾರರ ಆಯ್ಕೆಗೆ ಬಿಡುವಂಥವು ಆಪ್ಷನ್ಸ್.ಎಂಕೆ ಕಡತದಲ್ಲಿರಲಿ.

ಹಂತ 6: ಬಿಲ್ಡ್ ಮತ್ತು ಪಿಲಿಸ್ಟ್

ಬಿಮೇಕ್ ಸ್ಟೇಜ್-ಇನ್‌ಸ್ಟಾಲ್ ಕೊಟ್ಟರೆ ಕಡತಗಳು ನಿಜವಾದ ಜಾಗಕ್ಕೆ ಹೋಗದೆ ತಾತ್ಕಾಲಿಕ ಡೈರೆಕ್ಟರಿಯೊಂದರಲ್ಲಿ ಜೋಡಣೆಯಾಗುತ್ತವೆ. ಪ್ಯಾಕೇಜಿನಲ್ಲಿ ಇರಬೇಕಾದ ಕಡತಗಳ ಪಟ್ಟಿಯೇ ಪಿಲಿಸ್ಟ್. ಜೋಡಣೆಯಾದದ್ದಕ್ಕೂ ಪಟ್ಟಿಗೂ ವ್ಯತ್ಯಾಸವಿದ್ದರೆ ಬಿಲ್ಡ್ ಅಲ್ಲೇ ನಿಂತು, ಪಟ್ಟಿಯಲ್ಲಿದ್ದು ಸಿಗದ ಕಡತಗಳು ಯಾವುವು, ಸಿಕ್ಕಿದ್ದು ಪಟ್ಟಿಯಲ್ಲಿಲ್ಲದವು ಯಾವುವು ಎಂದು ಬರೆದು ತೋರಿಸುತ್ತದೆ.

ಜಿಟಿಕೆಯಲ್ಲಿ ಬಹುಮಟ್ಟಿಗೆ ಪ್ರತಿ ಬಿಡುಗಡೆಯಲ್ಲೂ ಬದಲಾಗುವ ಸಾಲೊಂದಿದೆ. ಲಿಬ್‌ಜಿಟಿಕೆ-3.ಎಸ್‌ಓ ಎಂಬ ಲೈಬ್ರರಿಗೆ ಮೂರು ಹೆಸರುಗಳಿರುತ್ತವೆ: ಬರಿಯ ಎಸ್‌ಓ, ಎಸ್‌ಓ.0, ಮತ್ತು ಎಸ್‌ಓ.0 ಎಂದು ಆರಂಭವಾಗಿ ಮುಂದೆ ಇನ್ನೆರಡು ಸಂಖ್ಯೆಗಳಿರುವ ಉದ್ದದ ಹೆಸರು. ನಿಜವಾದ ಕಡತ ಮೂರನೆಯದು, ಮೊದಲೆರಡು ಅದರತ್ತ ಕೈತೋರಿಸುವ ಕೊಂಡಿಗಳು. ಬಿಡುಗಡೆಯೊಂದಿಗೆ ಬದಲಾಗುವುದು ಆ ಕೊನೆಯ ಎರಡರಲ್ಲೊಂದು ಸಂಖ್ಯೆ. ಅದು ಬದಲಾದರೆ ಗಾಬರಿ ಬೇಡ, ಪಟ್ಟಿಯಲ್ಲಿ ತಿದ್ದಿದರಾಯಿತು. ಆದರೆ ನಡುವಿನ ಹೆಸರಿನ ಸೊನ್ನೆ ಎಂದಾದರೂ ಬದಲಾದದ್ದು ಕಂಡರೆ ಕೈ ತಡೆಯಿರಿ. ಲೈಬ್ರರಿ ಹಳೆಯ ತಂತ್ರಾಂಶಗಳೊಂದಿಗೆ ಹೊಂದುವುದಿಲ್ಲ ಎಂದು ಅಪ್‌ಸ್ಟ್ರೀಮ್ ಹೇಳುವ ಬಗೆ ಅದು. 3.0ರಿಂದ ಇಲ್ಲಿಯವರೆಗೆ ಅದು ಸೊನ್ನೆಯಾಗಿಯೇ ಉಳಿದಿದೆ.

ಬಿಮೇಕ್ ಪ್ರಿಂಟ್-ಪಿಲಿಸ್ಟ್ ಹೊಸ ಪಟ್ಟಿಯನ್ನು ಸಿದ್ಧಮಾಡಿ ಕೊಡುತ್ತದೆ. ಅದನ್ನು ಹಾಗೆಯೇ ಹಳೆಯ ಪಟ್ಟಿಯ ಮೇಲೆ ಸುರಿಯುವುದು ಹೊಸಬರು ಅತಿ ಹೆಚ್ಚು ಮಾಡುವ ತಪ್ಪು. ಹಳೆಯ ಪಟ್ಟಿಯಲ್ಲಿ ಕೆಲವು ಸಾಲುಗಳ ಮುಂದೆ ಈ ಆಯ್ಕೆ ಇದ್ದಾಗ ಮಾತ್ರ ಎಂಬ ಷರತ್ತು ಇರುತ್ತದೆ, ವೇಲ್ಯಾಂಡ್ ಇದ್ದಾಗ ಮಾತ್ರ ಬರುವ ಹೆಡರ್‌ಗಳಂತೆ. ಹೊಸ ಪಟ್ಟಿ ನಿಮ್ಮ ಯಂತ್ರದ ಆಯ್ಕೆಗಳಲ್ಲಿ ಕಂಡದ್ದನ್ನಷ್ಟೇ ಬಲ್ಲದು. ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಎರಡರ ವ್ಯತ್ಯಾಸ ನೋಡಿ, ಬೇಕಾದ ಸಾಲುಗಳನ್ನು ಕೈಯಿಂದ ಸೇರಿಸಿ.

ಹಂತ 7: ಬಿಲ್ಡ್‌ಲಿಂಕ್3 ಕಡತ ಮತ್ತು ರಿವಿಷನ್ ಏರಿಕೆ

ಹಿಂದಕ್ಕೆ ಬರುವ ಬದಲಾವಣೆಗಳಲ್ಲಿ ನಾನು ಕಂಡ ಹೆಚ್ಚಿನವು ಎಡವಿದ್ದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಬಿಲ್ಡ್‌ಲಿಂಕ್3.ಎಂಕೆ ಎಂಬ ಕಡತವನ್ನು ಬಳಸುವುದು ಜಿಟಿಕೆ ಪ್ಯಾಕೇಜ್ ಅಲ್ಲ, ಜಿಟಿಕೆಯನ್ನು ಅವಲಂಬಿಸಿದ ಇತರ ಪ್ಯಾಕೇಜುಗಳು. ನನ್ನನ್ನು ಬಳಸಬೇಕಾದರೆ ಇಷ್ಟನೆಯ ಆವೃತ್ತಿಯಾದರೂ ಇರಲಿ, ನನ್ನ ಜೊತೆಗೆ ಇವಿಷ್ಟೂ ಇರಲಿ ಎಂದು ಹೇಳುವ ಕಡತವದು. ಅದರಲ್ಲಿ ಎರಡು ಮುಖ್ಯ ಸಾಲುಗಳಿವೆ. ಎಪಿಐ ಡಿಪೆಂಡ್ಸ್ ಎಂಬುದು ಮೂಲದಿಂದ ಬಿಲ್ಡ್ ಮಾಡಲು ಬೇಕಾದ ಕನಿಷ್ಠ ಆವೃತ್ತಿ. ಎಬಿಐ ಡಿಪೆಂಡ್ಸ್ ಎಂಬುದು ಈಗಾಗಲೇ ಸಿದ್ಧವಾದ ಬೈನರಿ ಪ್ಯಾಕೇಜ್ ಓಡಲು ಬೇಕಾದ ಕನಿಷ್ಠ ಆವೃತ್ತಿ. ಎಪಿಐ ಎಂದರೆ ಪ್ರೋಗ್ರಾಮರ್ ಬರೆಯುವಾಗ ಬಳಸುವ ಫಂಕ್ಷನ್‌ಗಳ ಹೆಸರು ಮತ್ತು ರೂಪ. ಎಬಿಐ ಎಂದರೆ ಕಂಪೈಲ್ ಆದ ನಂತರ ಎರಡು ಬೈನರಿಗಳು ಒಂದನ್ನೊಂದು ಕೂಡುವ ಒಪ್ಪಂದ.

ಎಪಿಐ ಸಾಲನ್ನು ಸುಮ್ಮಸುಮ್ಮನೆ ಏರಿಸಬೇಡಿ. ಹಾಗೆ ಮಾಡಿದರೆ ಹಳೆಯ ಜಿಟಿಕೆಯಿಂದಲೂ ನಡೆಯುತ್ತಿದ್ದ ಪ್ಯಾಕೇಜುಗಳು ಕಾರಣವಿಲ್ಲದೆ ಹೊಸದನ್ನು ಕೇಳುತ್ತವೆ. ಯಾವುದೋ ಒಂದು ತಂತ್ರಾಂಶಕ್ಕೆ ಮಾತ್ರ ಹೊಸ ಫಂಕ್ಷನ್ ಬೇಕಿದ್ದರೆ ಆ ತಂತ್ರಾಂಶದ ಮೇಕ್‌ಫೈಲ್‌ನಲ್ಲಿ ಆ ಬೇಡಿಕೆ ಇರಲಿ.

ಎಬಿಐ ಸಾಲನ್ನು ಏರಿಸಬೇಕಾದ ಸಂದರ್ಭ ಬೇರೆ. ಜಿಟಿಕೆಯ ಸ್ವಂತ ಲೈಬ್ರರಿಯ ಹೆಸರು ಬದಲಾಗದಿದ್ದರೂ ಅದು ಅವಲಂಬಿಸಿದ ಯಾವುದೋ ಒಂದರ ಹೆಸರು ಬದಲಾಗಬಹುದು. ಇದಕ್ಕೆ ಪಿಕೆಜಿಸೋರ್ಸ್‌ನಲ್ಲಿ ಎಲ್ಲರೂ ಬಲ್ಲ ಉದಾಹರಣೆ ಐಸಿಯು. ಯೂನಿಕೋಡ್ ಕೆಲಸಗಳಿಗೆ ಬಳಸುವ ಈ ಲೈಬ್ರರಿಯ ಪ್ರತಿ ಪ್ರಧಾನ ಬಿಡುಗಡೆಯಲ್ಲೂ ಲೈಬ್ರರಿ ಕಡತದ ಹೆಸರಿನ ಸಂಖ್ಯೆ ಬದಲಾಗುತ್ತದೆ. 74ನ್ನು ಹುಡುಕುವಂತೆ ಬಿಲ್ಡ್ ಆದ ತಂತ್ರಾಂಶ 75 ಮಾತ್ರ ಇರುವ ಯಂತ್ರದಲ್ಲಿ ಆರಂಭವಾಗುವುದೇ ಇಲ್ಲ. ಆಗ ಐಸಿಯುವನ್ನು ನೇರವಾಗಿಯೋ ಪರೋಕ್ಷವಾಗಿಯೋ ಅವಲಂಬಿಸಿದ ಎಲ್ಲ ಪ್ಯಾಕೇಜುಗಳ ಪಿಕೆಜಿರಿವಿಷನ್ ಒಂದೊಂದು ಏರಬೇಕು, ದಾರಿಯಲ್ಲಿರುವ ಬಿಲ್ಡ್‌ಲಿಂಕ್3 ಕಡತಗಳ ಎಬಿಐ ಸಾಲುಗಳೂ ಏರಬೇಕು. ಸಂಖ್ಯೆ ಏರಿದಾಗ ಮಾತ್ರ ಹೊಸ ಬೈನರಿ ತಯಾರಾಗಿದೆ ಎಂಬುದು ಬಳಕೆದಾರರ ಯಂತ್ರಕ್ಕೆ ತಿಳಿಯುತ್ತದೆ. ಏರಿಸದಿದ್ದರೆ ಎರಡು ಬೇರೆ ಬೇರೆ ಬೈನರಿಗಳು ಒಂದೇ ಹೆಸರು ಹೊತ್ತು ಓಡಾಡುತ್ತವೆ. ಇಂಥ ಏರಿಕೆಯನ್ನು ಕೈಯಿಂದ ಮಾಡಲು ಹೋದರೆ ಯಾವುದಾದರೊಂದು ಬಿಟ್ಟುಹೋಗುವುದು ಖಂಡಿತ. ಅವಲಂಬನೆಯ ಜಾಲವನ್ನು ತಾನೇ ಬಿಡಿಸುವ ಸ್ಕ್ರಿಪ್ಟ್ ಬಳಸಿ.

ಈ ಕಡತದ ಕೊನೆಯಲ್ಲಿ ಇತರ ಬಿಲ್ಡ್‌ಲಿಂಕ್3 ಕಡತಗಳನ್ನು ಸೇರಿಸುವ ಸಾಲುಗಳಿರುತ್ತವೆ. ಅಲ್ಲಿ ಯಾವುದಿರಬೇಕು ಎಂಬುದನ್ನು ನಿರ್ಧರಿಸಲು ಪಿಕೆಜಿ-ಕಾನ್ಫಿಗ್ ಕಡತವನ್ನು ನೋಡಿ. ಲೈಬ್ರರಿಯನ್ನು ಬಳಸಲು ಕಂಪೈಲರ್‌ಗೆ ಯಾವ ಸೂಚನೆ ಬೇಕು, ಬೇರೆ ಯಾವ ಲೈಬ್ರರಿ ಬೇಕು ಎಂದು ಬರೆದಿಡುವ, ಪಿಸಿ ಎಂಬ ಬಾಲವಿರುವ ಕಡತವದು. ಅದರಲ್ಲಿ ರಿಕ್ವೈರ್ಸ್ ಎಂಬ ಸಾಲಿನಲ್ಲಿರುವುದೆಲ್ಲ ಬೇಕೆಂದು ಎಲ್ಲರಿಗೂ ಗೊತ್ತು. ರಿಕ್ವೈರ್ಸ್ ಪ್ರೈವೇಟ್ ಎಂಬ ಸಾಲನ್ನು, ಹೆಸರೇ ಖಾಸಗಿ ಎನ್ನುತ್ತದೆಯಲ್ಲ ಎಂದು, ಹಲವರು ಬಿಡುತ್ತಾರೆ. ಆದರೆ ಪಿಕೆಜಿ-ಕಾನ್ಫಿಗ್ ಹೆಡರ್‌ಗಳ ದಾರಿ ಹೇಳಬೇಕಾದಾಗ ಖಾಸಗಿ ಸಾಲಿನಲ್ಲಿರುವ ಕಡತಗಳನ್ನೂ ಹುಡುಕುತ್ತದೆ, ಸಿಗದಿದ್ದರೆ ಜಿಟಿಕೆಯೇ ಇಲ್ಲ ಎಂಬ ಉತ್ತರ ಕೊಡುತ್ತದೆ. ಎಪಾಕ್ಸಿಯನ್ನು ಬಿಲ್ಡ್‌ಲಿಂಕ್3ರಿಂದ ತೆಗೆದು ನೋಡಿದರೆ ಜಿಟಿಕೆ ಸ್ವತಃ ಸೊಗಸಾಗಿ ಬಿಲ್ಡ್ ಆಗುತ್ತದೆ, ಅದನ್ನು ಅವಲಂಬಿಸಿದ ಮೊದಲ ಪ್ಯಾಕೇಜೇ ಜಿಟಿಕೆ3 ಸಿಗಲಿಲ್ಲ ಎಂದು ನಿಲ್ಲುತ್ತದೆ. ಈ ಲೇಖನದ ಆರಂಭದಲ್ಲಿ ಹೇಳಿದ್ದು ಇದನ್ನೇ.

ಹಂತ 8: ಇನ್‌ಸ್ಟಾಲ್ ಆದ ಮೇಲಿನ ಮೂರು ಕೆಲಸಗಳು

ಕಡತಗಳು ಜಾಗಕ್ಕೆ ಸೇರಿದ ಮಾತ್ರಕ್ಕೆ ಜಿಟಿಕೆ ಸಿದ್ಧವಾಗುವುದಿಲ್ಲ. ಜಿಲಿಬ್‌ನ ಸ್ಕೀಮಾಗಳನ್ನು, ಅಂದರೆ ಸೆಟ್ಟಿಂಗ್‌ಗಳ ನಮೂನೆಗಳನ್ನು, ಜಿಲಿಬ್-ಕಂಪೈಲ್-ಸ್ಕೀಮಾಸ್ ಒಂದೇ ಬೈನರಿ ಕಡತವಾಗಿ ಒಗ್ಗೂಡಿಸಬೇಕು. ಚಿತ್ರಗಳನ್ನು ಓದುವ ಮಾಡ್ಯೂಲ್‌ಗಳ ಪಟ್ಟಿ ಜಿಡಿಕೆ-ಪಿಕ್ಸ್‌ಬಫ್‌ಗೆ ಸಿಗಬೇಕು. ಟೈಪಿಂಗ್ ವಿಧಾನಗಳ ಮಾಡ್ಯೂಲ್‌ಗಳ ಪಟ್ಟಿ ಜಿಟಿಕೆಗೆ ಸಿಗಬೇಕು.

ಮೊದಲನೆಯದು ತಪ್ಪಿದರೆ ಲಕ್ಷಣ ಬಹಳ ವಿಚಿತ್ರ. ತಂತ್ರಾಂಶ ಸರಿಯಾಗಿಯೇ ತೆರೆಯುತ್ತದೆ, ಅರ್ಧ ಗಂಟೆ ಕೆಲಸವನ್ನೂ ಮಾಡಬಹುದು, ಕಡತ ಉಳಿಸಲು ಹೋದಾಗ ಫೈಲ್ ಚೂಸರ್‌ನ (ಕಡತ ಆರಿಸುವ ಕಿಟಕಿಯ) ಸ್ಕೀಮಾ ಇನ್‌ಸ್ಟಾಲ್ ಆಗಿಲ್ಲ ಎಂಬ ಒಂದು ಸಾಲು ಟರ್ಮಿನಲ್‌ನಲ್ಲಿ ಬಂದು ಇಡೀ ತಂತ್ರಾಂಶ ಮುಚ್ಚಿಹೋಗುತ್ತದೆ. ಬಳಕೆದಾರ ಮಾಡಿದ ಕೆಲಸವೂ ಅದರೊಂದಿಗೆ ಹೋಗುತ್ತದೆ. ಮೆನುವಿನಿಂದ ತೆರೆದವರಿಗೆ ಆ ಒಂದು ಸಾಲೂ ಕಾಣುವುದಿಲ್ಲ. ಪಿಕೆಜಿಸೋರ್ಸ್‌ನಲ್ಲಿ ಜಿಲಿಬ್2 ಡೈರೆಕ್ಟರಿಯ ಸ್ಕೀಮಾಸ್.ಎಂಕೆ ಕಡತವನ್ನು ಮೇಕ್‌ಫೈಲ್‌ಗೆ ಸೇರಿಸಿದರೆ ಈ ಕೆಲಸ ತಾನಾಗಿ ಆಗುತ್ತದೆ. ಸೇರಿಸಿದ ಸಾಲು ಅಪ್‌ಡೇಟ್‌ನಲ್ಲಿ ಬಿದ್ದುಹೋಗಿಲ್ಲವೆಂದು ಪ್ರತಿ ಬಾರಿಯೂ ನೋಡಿ.

ಈ ಸಿದ್ಧ ಪಟ್ಟಿಗಳು ಇನ್‌ಸ್ಟಾಲ್ ಆದ ಯಂತ್ರದಲ್ಲೇ ತಯಾರಾಗಬೇಕು. ನಿಮ್ಮ ಯಂತ್ರದ ಪಟ್ಟಿಯನ್ನು ಪ್ಯಾಕೇಜಿನೊಳಗೆ ಸೇರಿಸಿದರೆ, ಬಳಕೆದಾರರು ಹಾಕಿಕೊಂಡ ಇತರ ಮಾಡ್ಯೂಲ್‌ಗಳು ಅದರಲ್ಲಿ ಇರುವುದಿಲ್ಲ.

ಹಂತ 9: ಕಣ್ಣಾರೆ ನೋಡುವುದು

ಜಿಟಿಕೆ3-ವಿಜೆಟ್-ಫ್ಯಾಕ್ಟರಿ ಎಂಬ ಮಾದರಿ ತಂತ್ರಾಂಶ ಎಲ್ಲ ಬಗೆಯ ಗುಂಡಿ, ಮೆನು, ಪಟ್ಟಿಗಳನ್ನು ಒಂದೇ ಕಿಟಕಿಯಲ್ಲಿ ತೋರಿಸುತ್ತದೆ. ಅದನ್ನು ಓಡಿಸಿ, ಐಕಾನ್‌ಗಳೆಲ್ಲ ಕಾಣುತ್ತಿವೆಯೇ ನೋಡಿ. ಫೈಲ್ ಚೂಸರ್ ಒಮ್ಮೆ ತೆರೆಯಿರಿ, ಮುದ್ರಣದ ಸಂವಾದ ಪೆಟ್ಟಿಗೆ ಒಮ್ಮೆ ತೆರೆಯಿರಿ.

ನಾವು ಕನ್ನಡಿಗರು ಇಲ್ಲಿ ಒಂದು ಹೆಚ್ಚಿನ ಪರೀಕ್ಷೆ ಮಾಡಬಲ್ಲೆವು, ಅದನ್ನು ಮಾಡಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಜಿಟಿಕೆಯಲ್ಲಿ ಅಕ್ಷರ ಜೋಡಿಸುವ ಕೆಲಸ ಪ್ಯಾಂಗೊದ್ದು. ಒತ್ತಕ್ಷರ, ಗುಣಿತಾಕ್ಷರಗಳಿಗೆ ಸರಿಯಾದ ಆಕಾರ ಆರಿಸುವುದು ಅದರ ಕೆಳಗಿರುವ ಹಾರ್ಫ್‌ಬಜ್. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ಸರಪಳಿಯಲ್ಲಿ ಏನು ಕೆಟ್ಟರೂ ಬಹುಮಟ್ಟಿಗೆ ಕಾಣುವುದಿಲ್ಲ. ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟ್ ಹಾಕಿಕೊಂಡು, ಪಠ್ಯದ ಚೌಕದಲ್ಲಿ "ಅರ್ಥ", "ಸ್ತ್ರೀ", "ರಾಷ್ಟ್ರ", "ಸಾಫ್ಟ್‌ವೇರ್" ಎಂಬ ನಾಲ್ಕು ಪದಗಳನ್ನು ಬರೆಯಿರಿ. ಮೊದಲನೆಯದರಲ್ಲಿ ಅರ್ಕಾವತ್ತು ಥಕಾರದ ನಂತರ ಬರಬೇಕು. ಎರಡನೆಯದರಲ್ಲಿ ಸಕಾರದ ಕೆಳಗೆ ತ ಮತ್ತು ರ ಎರಡೂ ಒತ್ತುಗಳು ನಿಲ್ಲಬೇಕು. ನಾಲ್ಕನೆಯದರಲ್ಲಿ "ಫ್ಟ್" ಅರ್ಧಾಕ್ಷರವಾಗಿಯೇ ಉಳಿದು, ವಕಾರ ಅದರ ಒತ್ತಾಗದೆ ಪಕ್ಕದಲ್ಲಿ ಪೂರ್ಣಾಕ್ಷರವಾಗಿ ಇರಬೇಕು. ಅವೆರಡರ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಒಂದು ಸಂಕೇತ ಇರುತ್ತದೆ. ಆ ಸಂಕೇತದ ಜಾಗದಲ್ಲಿ ಚುಕ್ಕೆಯೋ ಚೌಕವೋ ಕಂಡರೆ ಪ್ಯಾಂಗೊ, ಹಾರ್ಫ್‌ಬಜ್ ಅಥವಾ ಫಾಂಟ್‌ಗಳಲ್ಲಿ ಏನೋ ಹೊಂದಿಕೆ ತಪ್ಪಿದೆ. ಮೌಸ್‌ನಿಂದ ಪದವನ್ನು ಆಯ್ದು ಇನ್ನೊಂದು ಕಿಟಕಿಗೆ ಅಂಟಿಸಿಯೂ ನೋಡಿ.

ಹಂತ 10: ಅವಲಂಬಿತರನ್ನು ಬಿಲ್ಡ್ ಮಾಡಿ, ಕಮಿಟ್ ಮಾಡುವುದು

ಬಿಮೇಕ್ ರಿಪ್ಲೇಸ್ ಆದೇಶ ಅವಲಂಬಿತರನ್ನು ಮುಟ್ಟದೆ ಜಿಟಿಕೆಯೊಂದನ್ನೇ ಬದಲಿಸುತ್ತದೆ, ಮತ್ತು ಅದನ್ನು ಅವಲಂಬಿಸಿದ ಪ್ಯಾಕೇಜುಗಳ ಮೇಲೆ ಇವು ಅಸುರಕ್ಷಿತವಾಗಿರಬಹುದು ಎಂಬ ಗುರುತು ಹಾಕುತ್ತದೆ. ಆ ಗುರುತಿರುವವುಗಳನ್ನು ಒಂದೊಂದಾಗಿ ಮತ್ತೆ ಬಿಲ್ಡ್ ಮಾಡಲು ಪಿಕೆಜಿ_ರೋಲಿಂಗ್-ರಿಪ್ಲೇಸ್ ಇದೆ. ಎಲ್ಲವನ್ನೂ ಬಿಲ್ಡ್ ಮಾಡುವಷ್ಟು ಸಮಯ, ಯಂತ್ರ ಎಲ್ಲರಿಗೂ ಇರುವುದಿಲ್ಲ. ಆಗ ಸ್ವಭಾವ ಬೇರೆ ಬೇರೆಯಾದ ಮೂರನ್ನಾದರೂ ಆರಿಸಿಕೊಳ್ಳಿ: ಸಿ ಭಾಷೆಯಲ್ಲಿ ಬರೆದ ಒಂದು, ಜಿಟಿಕೆಯನ್ನು ಸಿ++ ಭಾಷೆಗೆ ಒದಗಿಸುವ ಜಿಟಿಕೆಎಂಎಂ ಬಳಸುವ ಇಂಕ್‌ಸ್ಕೇಪ್‌ನಂಥ ಒಂದು, ಇಂಟ್ರೊಸ್ಪೆಕ್ಷನ್ ಮೂಲಕ ಪೈಥಾನ್‌ನಿಂದ ಜಿಟಿಕೆ ಬಳಸುವ ಒಂದು. ಕೊನೆಯದನ್ನು ಬಿಲ್ಡ್ ಮಾಡಿದರೆ ಸಾಲದು, ಓಡಿಸಬೇಕು. ಅದರ ದೋಷಗಳು ಓಡಿದಾಗಲೇ ಹೊರಬರುತ್ತವೆ.

ಪಿಕೆಜಿಲಿಂಟ್ ಹೇಳುವ ದೂರುಗಳನ್ನು ತಿದ್ದಿ. ನಂತರ ಕ್ಯಾಲೆಂಡರ್ ನೋಡಿ. ಪಿಕೆಜಿಸೋರ್ಸ್ ಮೂರು ತಿಂಗಳಿಗೊಮ್ಮೆ ಸ್ಥಿರ ಶಾಖೆಯೊಂದನ್ನು ಹೊರತರುತ್ತದೆ. ಮಾರ್ಚ್, ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರ್ ಕೊನೆಗೆ ಬರುವ ಆ ಶಾಖೆಗೆ ಮುಂಚಿನ ಕೆಲವು ದಿನ ಫ್ರೀಜ್, ಅಂದರೆ ತಡೆಯ ಅವಧಿ, ಜಾರಿಯಲ್ಲಿರುತ್ತದೆ. ಭದ್ರತೆಯ ತಿದ್ದುಪಡಿ ಬೇರೆ ಮಾತು, ಆದರೆ ಜಿಟಿಕೆಯ ಮಾಮೂಲಿ ಅಪ್‌ಡೇಟನ್ನು ಆ ದಿನಗಳಲ್ಲಿ ತರಬೇಡಿ. ಶಾಖೆ ಹೊರಬಂದ ಮೊದಲ ವಾರ ಇದಕ್ಕೆ ಅತ್ಯುತ್ತಮ ಕಾಲ, ಏನಾದರೂ ಒಡೆದರೆ ಸರಿಪಡಿಸಲು ಮೂರು ತಿಂಗಳು ಮುಂದಿರುತ್ತದೆ. ಕಮಿಟ್ ಮಾಡುವ, ಅಂದರೆ ಬದಲಾವಣೆಯನ್ನು ನೇರವಾಗಿ ಪಿಕೆಜಿಸೋರ್ಸ್‌ಗೆ ಸೇರಿಸುವ, ಹಕ್ಕಿದ್ದರೆ ಬಿಮೇಕ್ ಸಿಸಿಇ ಆದೇಶದಿಂದ ಬದಲಾವಣೆಗಳ ಕಡತದಲ್ಲಿ ನಮೂದು ಸೇರುತ್ತದೆ. ಹಕ್ಕಿಲ್ಲದವರು ದೋಷ ವರದಿ ಕಳಿಸುವ ಸೆಂಡ್-ಪಿಆರ್ ಮೂಲಕ ಬದಲಾವಣೆಯನ್ನು ಕಳಿಸಬಹುದು, ಅಥವಾ ಇನ್ನೂ ಸಿದ್ಧವಾಗುತ್ತಿರುವ ಪ್ಯಾಕೇಜುಗಳಿಗಾಗಿ ಎಲ್ಲರಿಗೂ ತೆರೆದ ಪಿಕೆಜಿಸೋರ್ಸ್-ವಿಪ್‌ನಲ್ಲಿ ಕೆಲಸ ಮುಂದುವರಿಸಬಹುದು. ಏನನ್ನು ಯಾವ ಯಾವ ವ್ಯವಸ್ಥೆಯಲ್ಲಿ ಪರೀಕ್ಷಿಸಿದಿರಿ ಎಂದು ಸಂದೇಶದಲ್ಲಿ ಬರೆಯಿರಿ. ಒಂದರಲ್ಲಿ ಮಾತ್ರ ನೋಡಿದ್ದರೆ ಒಂದೇ ಎಂದು ಬರೆಯಿರಿ.

ಅಪ್‌ಡೇಟ್‌ಗಳ ನಡುವೆ: ಭದ್ರತೆಯ ಕಾವಲು

ನಿರ್ವಹಣೆ ಎಂದರೆ ಹೊಸ ಆವೃತ್ತಿ ಬಂದಾಗ ಎಚ್ಚರಗೊಳ್ಳುವುದಷ್ಟೇ ಅಲ್ಲ. ಪಿಕೆಜಿ_ಅಡ್ಮಿನ್ ಆಡಿಟ್ ಆದೇಶ, ತಿಳಿದಿರುವ ದೋಷಗಳ ಪಟ್ಟಿಯೊಂದಿಗೆ ನಿಮ್ಮ ಯಂತ್ರದ ಪ್ಯಾಕೇಜುಗಳನ್ನು ಹೋಲಿಸಿ ನೋಡುತ್ತದೆ. ಪಟ್ಟಿಯನ್ನು ಮೊದಲು ಫೆಚ್-ಪಿಕೆಜಿ-ವಲ್ನರಬಿಲಿಟೀಸ್ ಉಪಆದೇಶದಿಂದ ಇಳಿಸಿಕೊಳ್ಳಬೇಕು.

2024ರಲ್ಲಿ ಬಂದ ಸಿವಿಇ-2024-6655 ಎಂಬ ಗುರುತುಸಂಖ್ಯೆಯ ಭದ್ರತಾ ದೋಷ ಇದಕ್ಕೆ ಒಳ್ಳೆಯ ಪಾಠ. ಜಿಟಿಕೆ ತನ್ನ ಮಾಡ್ಯೂಲ್‌ಗಳನ್ನು ಹುಡುಕುವಾಗ ಬಳಕೆದಾರ ಆಗ ನಿಂತಿರುವ ಡೈರೆಕ್ಟರಿಯಲ್ಲೂ ನೋಡುತ್ತಿತ್ತು. ಬೇರೆಯವರು ಅಲ್ಲಿ ಸರಿಯಾದ ಹೆಸರಿನ ಲೈಬ್ರರಿಯೊಂದನ್ನು ಇಟ್ಟಿದ್ದರೆ ಅದೇ ಲೋಡ್ ಆಗುವ ಸಾಧ್ಯತೆ ಇತ್ತು. ಜಿಟಿಕೆ3ರಲ್ಲಿ ಅದು 3.24.43ರೊಂದಿಗೆ ಸರಿಯಾಯಿತು, ಅಲ್ಲಿ ನಿರ್ವಾಹಕರ ಕೆಲಸ ಮೇಲಿನ ಹತ್ತು ಹಂತಗಳನ್ನು ಬೇಗ ಮುಗಿಸುವುದು. ಅದೇ ದೋಷ ಜಿಟಿಕೆ2ರಲ್ಲೂ ಇತ್ತು. ಆದರೆ ಜಿಟಿಕೆ2ರ ಕೊನೆಯ ಬಿಡುಗಡೆಯಾದ 2.24.33 ಬಂದದ್ದು 2020ರ ಡಿಸೆಂಬರ್‌ನಲ್ಲಿ, ಅದರ ನಂತರ ಅಪ್‌ಸ್ಟ್ರೀಮ್ ಆ ಸರಣಿಯನ್ನು ಕೈಬಿಟ್ಟಿತು. ಹೊಸ ಆವೃತ್ತಿಗಾಗಿ ಕಾಯುವಂತಿರಲಿಲ್ಲ. ಪ್ಯಾಕೇಜ್ ನೋಡಿಕೊಳ್ಳುವವರೇ ತಿದ್ದುಪಡಿಯನ್ನು ಹಳೆಯ ಮೂಲಕ್ಕೆ ಹೊಂದಿಸಿ ತೇಪೆ ಹಾಕಬೇಕಿತ್ತು. ನೀವು ಜಿಟಿಕೆ2ನ್ನು ನೋಡಿಕೊಳ್ಳುತ್ತಿದ್ದರೆ ಜಿಟಿಕೆ3ರ ಭದ್ರತಾ ಸುದ್ದಿಯನ್ನೂ ಓದುತ್ತಿರಿ, ದೋಷ ಬಂದ ಭಾಗ ಹಳೆಯ ಸರಣಿಯಲ್ಲೂ ಇದೆಯೇ ಎಂದು ಮೂಲವನ್ನೇ ತೆರೆದು ನೋಡಿ. ಇದ್ದರೆ ತೇಪೆ ಸೇರಿಸಿ, ಮೇಕ್‌ಪ್ಯಾಚ್‌ಸಮ್ ಕೊಡಿ, ಪಿಕೆಜಿರಿವಿಷನ್ ಒಂದು ಏರಿಸಿ, ಸ್ಥಿರ ಶಾಖೆಗೂ ಅದನ್ನು ಸೇರಿಸುವಂತೆ ಬಿಡುಗಡೆಯ ತಂಡಕ್ಕೆ ಅದೇ ದಿನ ಮನವಿ ಕಳಿಸಿ.